ಮಲಪ್ಪುರಂನ ಸೆವೆನ್ಸ್ ಫುಟ್‌ಬಾಲ್ ನೋಡಲು ಮೈಸೂರಿನಿಂದ ಹೋಗುವ ಬಗ್ಗೆ

ಮೈಸೂರು ಗ್ಯಾಲರಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 2022 ರ ಏಪ್ರಿಲ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಮಂಜೇರಿಯ ಪಯ್ಯನಾಡ್ ಕ್ರೀಡಾಂಗಣದಲ್ಲಿ ನಡೆದ, ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಫುಟ್‌ಬಾಲ್ ಸೆಮಿಫೈನಲ್‌ನಲ್ಲಿ ನಮ್ಮ ಕರ್ನಾಟಕ ತಂಡ ಕೇರಳದ ಎದುರು 7–3 ರಿಂದ ಸೋತದ್ದು ಇಲ್ಲಿರುವ ಹಲವರಿಗೆ ನೆನಪಿರಬಹುದು. ಬದಲಿ ಆಟಗಾರನಾಗಿ ಕಣಕ್ಕಿಳಿದ ಜೆಸಿನ್ ಒಬ್ಬರೇ ಐದು ಗೋಲು ಹೊಡೆದ ಪಂದ್ಯವದು. ಮರುವರ್ಷ ರಿಯಾದ್‌ನಲ್ಲಿ ಮೇಘಾಲಯವನ್ನು 3–2 ರಿಂದ ಸೋಲಿಸಿ, 1968–69 ರ ನಂತರ ಮೊದಲ ಬಾರಿಗೆ ಕರ್ನಾಟಕ ಆ ಟ್ರೋಫಿಯನ್ನು ಗೆದ್ದುಕೊಂಡಿತಾದ್ದರಿಂದ ಸೋಲಿನ ನೋವು ಈಗ ಉಳಿದಿಲ್ಲ. ಆದರೆ ಟಿವಿಯಲ್ಲಿ ಕಂಡ ಆ ಜನಸಾಗರ ಮಾತ್ರ ಕಣ್ಣ ಮುಂದೆಯೇ ಇದೆ. ರಂಜಾನ್ ಉಪವಾಸದ ದಿನಗಳಲ್ಲಿಯೂ ರಾತ್ರಿಯ ಪಂದ್ಯಕ್ಕೆ ಅಷ್ಟೊಂದು ಜನ ಸೇರುತ್ತಾರೆಂದರೆ ಅವರಿಗೆ ಈ ಅಭ್ಯಾಸ ಎಲ್ಲಿಂದ ಬಂತೆಂದು ಕೇಳಿದಾಗ, ನನ್ನ ಸಹೋದ್ಯೋಗಿಯೊಬ್ಬರು, "ಅದು ದೊಡ್ಡ ಸ್ಟೇಡಿಯಂನಿಂದ ಬಂದದ್ದಲ್ಲ, ಊರೂರಿನ ಸೆವೆನ್ಸ್ ಕಪ್‌ಗಳಿಂದ ಬಂದದ್ದು" ಎಂದು ಹೇಳಿದರು.

ಅಂದಿನಿಂದ ಆ ಏಳು ಜನರ ಆಟವನ್ನು ಒಮ್ಮೆ ಸ್ಥಳದಲ್ಲಿಯೇ ನೋಡಬೇಕೆಂಬ ಆಸೆ ಇದೆ. ಜನವರಿ ಕೊನೆಯ ವಾರದಲ್ಲಿ ಕಾರಿನಲ್ಲಿ ಹೋಗುವ ಯೋಚನೆ ಮಾಡಿದ್ದೇವೆ. ನಾನು, ಅರವತ್ತು ದಾಟಿದ ನನ್ನ ತಂದೆ ಮತ್ತು ಶಾಲಾ ತಂಡದಲ್ಲಿ ಆಡುವ ಹದಿಮೂರು ವರ್ಷದ ಮಗಳು, ಹೀಗೆ ಮೂವರಿರುತ್ತೇವೆ. ಪಂದ್ಯ ಎಲ್ಲಿ, ಯಾವಾಗ ಎಂಬುದನ್ನು ಮುಂಚಿತವಾಗಿ ತಿಳಿದುಕೊಳ್ಳುವುದು ಹೇಗೆ, ಸಂಜೆ ಹೋಗಿ ಪಂದ್ಯ ನೋಡಿ ಅದೇ ರಾತ್ರಿ ಮೈಸೂರಿಗೆ ಮರಳಬಹುದೇ, ಮಗಳನ್ನೂ ತಂದೆಯನ್ನೂ ಆ ಜನಜಂಗುಳಿಗೆ ಕರೆದೊಯ್ಯುವುದು ಸರಿಯೇ ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ. ನನಗೆ ಮಲಯಾಳಂ ಮಾತು ಅಷ್ಟಿಷ್ಟು ಅರ್ಥವಾಗುತ್ತದೆ, ಲಿಪಿ ಓದಲು ಬರುವುದಿಲ್ಲ.

ನಾಡುಗಾಣಿ ತಿರುವು:

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಇಡೀ ಯೋಜನೆ ಅದರ ಮೇಲೆಯೇ ನಿಂತಿದೆ. ಅದೇ ರಾತ್ರಿ ಮೈಸೂರಿಗೆ ಮರಳಲು ಸಾಧ್ಯವಿಲ್ಲ. ಬಂಡೀಪುರದ ಅರಣ್ಯದ ಮೂಲಕ ಸಾಗುವ ಎರಡೂ ಹೆದ್ದಾರಿಗಳಲ್ಲಿ, ಅಂದರೆ ಗೂಡಲೂರು ಕಡೆಯ ರಸ್ತೆಯಲ್ಲಿಯೂ ಮುತ್ತಂಗ–ಸುಲ್ತಾನ್ ಬತ್ತೇರಿ ಕಡೆಯ ರಸ್ತೆಯಲ್ಲಿಯೂ, ರಾತ್ರಿ 9 ರಿಂದ ಬೆಳಗ್ಗೆ 6 ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. 2009 ರಲ್ಲಿ ಶುರುವಾದ ಈ ನಿರ್ಬಂಧದ ಸುತ್ತ ಎಷ್ಟೇ ಚರ್ಚೆ, ಪ್ರತಿಭಟನೆ, ನ್ಯಾಯಾಲಯದ ಅಲೆದಾಟ ನಡೆದಿದ್ದರೂ ಗೇಟು ಮಾತ್ರ ಒಂಬತ್ತಕ್ಕೆ ಸರಿಯಾಗಿ ಬೀಳುತ್ತದೆ. ಸೆವೆನ್ಸ್ ಪಂದ್ಯಗಳು ಸಾಮಾನ್ಯವಾಗಿ ಆರಂಭವಾಗುವುದೇ ಎಂಟೂವರೆ, ಒಂಬತ್ತರ ಹೊತ್ತಿಗೆ. ನೀವು ಮೈದಾನದಿಂದ ಹೊರಬೀಳುವಾಗ ಹತ್ತೂವರೆ ಆಗಿರುತ್ತದೆ. ಮಾನಂದವಾಡಿ–ಕುಟ್ಟ–ಗೋಣಿಕೊಪ್ಪ–ಹುಣಸೂರು ಎಂಬ ಸುತ್ತುದಾರಿ ರಾತ್ರಿಯೂ ತೆರೆದಿರುತ್ತದೆ ಎಂಬುದು ನಿಜ. ಆದರೆ ಮಲಪ್ಪುರಂನಿಂದ ಘಾಟಿ ಹತ್ತಿ ಆ ದಾರಿ ಹಿಡಿದು ಬರುವುದೆಂದರೆ ಬೆಳಗಾಗುವವರೆಗೆ ನಿದ್ದೆಗಣ್ಣಿನಲ್ಲಿ ತಿರುವುಗಳನ್ನು ಎಣಿಸಿದಂತೆಯೇ. ವಯಸ್ಸಾದವರನ್ನೂ ಮಗುವನ್ನೂ ಕೂರಿಸಿಕೊಂಡು ಆ ಸಾಹಸ ಬೇಡ.

ಆದ್ದರಿಂದ ಕನಿಷ್ಠ ಒಂದು ರಾತ್ರಿ ಅಲ್ಲಿ ತಂಗುವಂತೆ ಹೊರಡಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ನಾಡುಗಾಣಿ ಘಾಟಿ ಇಳಿದರೆ ವಳಿಕ್ಕಡವು, ಅಲ್ಲಿಂದ ಎಡಕ್ಕರ, ನಿಲಂಬೂರು, ಮಂಜೇರಿ. ಒಟ್ಟು ದೂರ ಸುಮಾರು 200 ಕಿಲೋಮೀಟರ್. ಗೂಡಲೂರು ನೀಲಗಿರಿ ಜಿಲ್ಲೆಗೆ ಸೇರಿದ್ದು, 2024 ರ ಮೇ ತಿಂಗಳಿಂದ ಆ ಜಿಲ್ಲೆಗೆ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಯಲ್ಲಿದೆ. ಕೇವಲ ಹಾದುಹೋಗುವವರಾದರೂ ಅದನ್ನು ಮನೆಯಲ್ಲಿಯೇ ಆನ್‌ಲೈನ್‌ನಲ್ಲಿ ಮಾಡಿಸಿಟ್ಟುಕೊಂಡರೆ ಚೆಕ್‌ಪೋಸ್ಟ್‌ನಲ್ಲಿ ಫೋನ್ ಸಿಗ್ನಲ್ ಹುಡುಕುವ ಕಷ್ಟ ತಪ್ಪುತ್ತದೆ. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಿಲಂಬೂರಿನಲ್ಲಿರಬಹುದು.

ಇನ್ನು ಪಂದ್ಯದ ವೇಳಾಪಟ್ಟಿಯ ವಿಷಯ. ದೊಡ್ಡ ಲೀಗ್‌ಗಳಂತೆ ತಿಂಗಳುಗಟ್ಟಲೆ ಮುಂಚಿತವಾಗಿ ಪ್ರಕಟವಾದ ಪಟ್ಟಿಯನ್ನು ಇಲ್ಲಿ ನಿರೀಕ್ಷಿಸಬೇಡಿ. ಸೆವೆನ್ಸ್ ಹಂಗಾಮು ಮಳೆ ನಿಂತ ಮೇಲೆ ನವೆಂಬರ್ ಹೊತ್ತಿಗೆ ಶುರುವಾಗಿ ಮುಂದಿನ ಮುಂಗಾರಿನವರೆಗೆ ನಡೆಯುತ್ತದೆ. ಅಷ್ಟು ದಿನವೂ ಮಲಪ್ಪುರಂ, ಪಾಲಕ್ಕಾಡ್, ಕೋಳಿಕ್ಕೋಡ್ ಜಿಲ್ಲೆಗಳಲ್ಲಿ ಒಂದಲ್ಲ ಒಂದು ಊರಿನಲ್ಲಿ ಕಪ್ ನಡೆಯುತ್ತಲೇ ಇರುತ್ತದೆ. ದೊಡ್ಡ ಟೂರ್ನಿಗಳಲ್ಲಿ ರಾತ್ರಿಗೆ ಒಂದೇ ಮುಖ್ಯ ಪಂದ್ಯವಿರುತ್ತದೆ, ಹಾಗಾಗಿ ಒಂದು ಕಪ್ ಮುಗಿಯಲು ವಾರಗಳೇ ಬೇಕು. ಇಂದು ಪೆರಿಂದಲ್‌ಮಣ್ಣದಲ್ಲಿ ಆಡಿದ ತಂಡ ನಾಳೆ ಬೇರೊಂದು ಊರಿನ ಕಪ್‌ನಲ್ಲಿ ಆಡುತ್ತದೆ. ಎರಡು ರಾತ್ರಿ ತಂಗಿ ಎಂದದ್ದು ಇದಕ್ಕಾಗಿಯೇ: ಮಂಜೇರಿಯಲ್ಲಿಯೋ ಮಲಪ್ಪುರಂ ಪಟ್ಟಣದಲ್ಲಿಯೋ ಕೋಣೆ ಹಿಡಿದರೆ ಒಂದು ಗಂಟೆಯೊಳಗಿನ ಪ್ರಯಾಣದಲ್ಲಿ ಎರಡು ಬೇರೆ ಬೇರೆ ಮೈದಾನಗಳನ್ನು ಕಾಣಬಹುದು, ಒಂದು ಕಡೆ ಪಂದ್ಯ ಮುಂದಕ್ಕೆ ಹೋದರೂ ಪ್ರಯಾಣ ವ್ಯರ್ಥವಾಗುವುದಿಲ್ಲ.

ಸ್ಥಳೀಯ ಕ್ಲಬ್‌ಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಆಯಾ ದಿನದ ಪೋಸ್ಟರ್ ಬೆಳಗ್ಗೆಯೇ ಬರುತ್ತದೆ. ಎರಡು ತಂಡಗಳ ಲಾಂಛನ, ನಡುವೆ ಸಮಯ, ಕೆಳಗೆ ಮೈದಾನದ ಹೆಸರು ಇಷ್ಟೇ ಇರುವುದರಿಂದ ಲಿಪಿ ಬಾರದಿದ್ದರೂ ಫೋನಿನ ಕ್ಯಾಮೆರಾ ಹಿಡಿದು ಅನುವಾದಿಸಿಕೊಳ್ಳಬಹುದು. ಅದಕ್ಕಿಂತ ಖಚಿತವಾದ ದಾರಿ ಯಾವುದೆಂದರೆ ಸಂಜೆ ನಾಲ್ಕರ ಹೊತ್ತಿಗೆ ಯಾವುದಾದರೂ ಚಹಾದಂಗಡಿಯಲ್ಲಿ ನಿಂತು "ಇನ್ನ್ ಎವಿಡೆಯಾ ಕಳಿ?" (ಇವತ್ತು ಆಟ ಎಲ್ಲಿ?) ಎಂದು ಕೇಳುವುದು. ಯಾವ ಊರು, ಯಾವ ತಂಡ, ಯಾರಿಗೆ ಗಾಯವಾಗಿದೆ, ಯಾವ ಹೊಸ ವಿದೇಶಿ ಆಟಗಾರ ಬಂದಿದ್ದಾನೆ ಎಂಬುದೆಲ್ಲ ನೀವು ಕೇಳದೆಯೇ ತಿಳಿಯುತ್ತದೆ.

ತೆಂಕಣ ಕಾಸರಗೋಡು:

ಮೇಲಿನವರು ಹೇಳಿದ ದಾರಿಯ ವಿವರಗಳನ್ನು ಒಪ್ಪುತ್ತೇನೆ. ಆದರೆ ಸೆವೆನ್ಸ್ ಎಂದೊಡನೆ ಎಲ್ಲರೂ ಮಲಪ್ಪುರಂ ಕಡೆಗೇ ಬೆರಳು ತೋರಿಸುವುದು ನಮ್ಮ ಕಡೆಯವರಿಗೆ ಸ್ವಲ್ಪ ಬೇಸರದ ಸಂಗತಿ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರ ಭಾರತ ತಂಡದಲ್ಲಿಯೂ ಇಂಡಿಯನ್ ಸೂಪರ್ ಲೀಗ್‌ನಲ್ಲಿಯೂ (ಐಎಸ್‌ಎಲ್) ಆಡಿದ ಮುಹಮ್ಮದ್ ರಫಿಯವರಂತಹ ಆಟಗಾರರನ್ನು ಕೊಟ್ಟ ಊರು. ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಬೇಸಿಗೆಯ ರಾತ್ರಿಗಳಲ್ಲಿ ಫ್ಲಡ್‌ಲೈಟ್ ಪಂದ್ಯಗಳಿಗೆ ಕೊರತೆಯಿಲ್ಲ. ಮೈಸೂರಿನವರಿಗೆ ಇದು ದೂರವೇ. ಆದರೆ ಈ ಪ್ರಶ್ನೆಯನ್ನು ಓದುತ್ತಿರುವ ಮಂಗಳೂರು, ಪುತ್ತೂರು, ಉಡುಪಿ ಕಡೆಯವರು ಮಂಗಳೂರಿನಿಂದ ದಕ್ಷಿಣಕ್ಕೆ ಹೋಗುವ ರೈಲು ಹಿಡಿದು ಚೆರುವತ್ತೂರಿನಲ್ಲಿಯೋ ಪಯ್ಯನ್ನೂರಿನಲ್ಲಿಯೋ ಇಳಿದರೆ ಕಾಡಿನ ಗೇಟಿನ ಚಿಂತೆಯಿಲ್ಲದೆ ನೋಡಿ ಬರಬಹುದು. ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿ ಪಂದ್ಯ ಸಿಕ್ಕರಂತೂ ಪಕ್ಕದಲ್ಲಿ ಕುಳಿತವರು ಕನ್ನಡದಲ್ಲಿಯೋ ತುಳುವಿನಲ್ಲಿಯೋ ರೆಫರಿಯನ್ನು ಬೈಯುವುದನ್ನು ಕೇಳಬಹುದು.

ಪ್ರಶ್ನೆ ಕೇಳಿದವರು ಒಂದು ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. 'ಅಖಿಲ ಭಾರತ ಸೆವೆನ್ಸ್' ಎಂಬ ಹೆಸರಿನಲ್ಲಿ ನಡೆಯುವ ದೊಡ್ಡ ಟೂರ್ನಿಗಳು ಸೆವೆನ್ಸ್ ಫುಟ್‌ಬಾಲ್ ಅಸೋಸಿಯೇಷನ್‌ನ ಅಡಿಯಲ್ಲಿ ನಡೆಯುತ್ತವೆ. ಅಲ್ ಮದೀನ ಚೆರ್ಪುಳಶ್ಶೇರಿ, ಫಿಫಾ ಮಂಜೇರಿ, ಸೂಪರ್ ಸ್ಟುಡಿಯೋ ಮಲಪ್ಪುರಂ ಮೊದಲಾದ ಹೆಸರುವಾಸಿ ತಂಡಗಳು ಆಡುವುದು ಇವುಗಳಲ್ಲಿ. ಪಂದ್ಯದ ಲೆಕ್ಕದಲ್ಲಿ ಹಣ ಪಡೆಯುವ ಆಟಗಾರರು, ಘಾನಾ, ನೈಜೀರಿಯಾ, ಐವರಿ ಕೋಸ್ಟ್‌ಗಳಿಂದ ಬಂದ ವಿದೇಶಿಯರು, ನಂಬರ್ ಹಾಕಿದ ಕುರ್ಚಿಗಳು, ಪ್ರಾಯೋಜಕರ ಫ್ಲೆಕ್ಸ್‌ಗಳು ಎಲ್ಲವೂ ಅಲ್ಲಿರುತ್ತವೆ. ಇದರ ಕೆಳಗೆ ಇನ್ನೊಂದು ಲೋಕವಿದೆ. ಒಂದು ಪಂಚಾಯಿತಿಯ ಯುವಕರ ಕ್ಲಬ್ಬೋ ಗ್ರಂಥಾಲಯದ ಸಮಿತಿಯೋ ಸೇರಿ, ಕೊಯ್ಲಾದ ಗದ್ದೆಯನ್ನು ಮಟ್ಟ ಮಾಡಿಸಿ, ಸುತ್ತಲಿನ ಏಳೆಂಟು ಊರುಗಳ ತಂಡಗಳನ್ನು ಕರೆದು ನಡೆಸುವ ಸ್ಥಳೀಯ ಕಪ್ ಅದು. ತಳಮಟ್ಟದ ಫುಟ್‌ಬಾಲನ್ನು ನೋಡುವುದೇ ನಿಮ್ಮ ಉದ್ದೇಶವಾದರೆ ಒಂದು ರಾತ್ರಿ ಅದಕ್ಕೆ, ಒಂದು ರಾತ್ರಿ ಇದಕ್ಕೆ ಎಂದು ಹಂಚಿಕೊಳ್ಳಿ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನಾದರೋ ಗದ್ದೆಯ ಕಪ್ಪನ್ನೇ ಆರಿಸುತ್ತೇನೆ, ಏಕೆಂದರೆ ಅಲ್ಲಿ ಗೋಲ್‌ಕೀಪರ್ ತಪ್ಪು ಮಾಡಿದಾಗ ಅವನ ಮನೆಯ ಹೆಸರು ಹಿಡಿದು ಕೂಗುವವರಿರುತ್ತಾರೆ.

ಹಗಲಿನಲ್ಲಿಯೇ ಮೈದಾನಕ್ಕೆ ಹೋಗಿ ಗ್ಯಾಲರಿ ಕಟ್ಟುವುದನ್ನು ನೋಡಲು ಸಾಧ್ಯವಾದರೆ ತಪ್ಪಿಸಿಕೊಳ್ಳಬೇಡಿ. ಅಡಿಕೆ ಮರದ ಕಾಂಡಗಳನ್ನು ನೆಲದಲ್ಲಿ ಹೂತು ನಿಲ್ಲಿಸಿ, ಅಡ್ಡಕ್ಕೆ ಬಿದಿರನ್ನೋ ಅಡಿಕೆಯ ಸೀಳನ್ನೋ ಇಟ್ಟು, ಪ್ರತಿ ಕೂಡುವಲ್ಲಿ ಹಗ್ಗವನ್ನು ಸುತ್ತಿ, ಕಾಲಿನಿಂದ ಒದ್ದು ಬಿಗಿ ನೋಡಿ ಮುಂದಿನ ಕಟ್ಟಿಗೆ ಹೋಗುತ್ತಾರೆ. ತಲೆಯೆತ್ತಿ ನೋಡಬೇಕಾದಷ್ಟು ಎತ್ತರಕ್ಕೆ ಮೆಟ್ಟಿಲುಗಳಂತೆ ಏರಿದ ಆ ಕಟ್ಟಡ ಟೂರ್ನಿ ಮುಗಿದ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಮೊದಲ ಮಳೆ ಬಿದ್ದ ಮೇಲೆ ಅಲ್ಲಿ ಮತ್ತೆ ಉಳುಮೆ ನಡೆಯುತ್ತದೆ.

ಟಿಕೆಟ್ ದುಡ್ಡಿನ ಬಗ್ಗೆಯೂ ಒಂದು ಮಾತು. ಖರ್ಚು ಕಳೆದು ಉಳಿದದ್ದನ್ನು ಊರಿನ ಪಾಲಿಯೇಟಿವ್ ಘಟಕಕ್ಕೆ, ಡಯಾಲಿಸಿಸ್ ಕೇಂದ್ರಕ್ಕೆ, ಯಾರದ್ದಾದರೂ ಚಿಕಿತ್ಸೆಗೆ ಕೊಡುವ ಸಂಘಟಕರು ಬಹಳ ಮಂದಿ ಇದ್ದಾರೆ. ಹಾಸಿಗೆ ಹಿಡಿದ ರೋಗಿಗಳನ್ನು ಊರವರೇ ನೋಡಿಕೊಳ್ಳುವ ಪದ್ಧತಿಗೆ ಮಲಪ್ಪುರಂ ಹೆಸರಾದ ಜಿಲ್ಲೆ. ಆದ್ದರಿಂದ ಪಕ್ಕದ ಮನೆಯ ತಾರಸಿಯಿಂದ ಬಿಟ್ಟಿ ನೋಡಲು ಯಾರಾದರೂ ಕರೆದರೂ ಟಿಕೆಟ್ ಕೊಂಡೇ ನೋಡಿ.

ಆಸ್ಟಿನ್ ಟೌನ್ ಲೆಫ್ಟ್ ಬ್ಯಾಕ್:

ಈ ಚರ್ಚೆ ಹಬ್ಬದ ಆಮಂತ್ರಣದಂತೆ ಸಾಗುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕಾಗಿದೆ. ಮಗುವನ್ನೂ ಹಿರಿಯರನ್ನೂ ಕರೆದೊಯ್ಯುವವರಿಗೆ ಅಡಿಕೆ ಮರದ ಗ್ಯಾಲರಿಯ ಚೆಲುವನ್ನಷ್ಟೇ ವರ್ಣಿಸಿ ಬಿಟ್ಟರೆ ತಪ್ಪಾಗುತ್ತದೆ.

2022 ರ ಮಾರ್ಚ್ 19 ರಂದು ಕಾಳಿಕಾವು ಬಳಿಯ ಪೂಙ್ಙೋಡಿನಲ್ಲಿ ಸ್ಥಳೀಯ ಕಪ್‌ನ ಫೈನಲ್ ನಡೆಯುತ್ತಿದ್ದಾಗ ಇಂತಹದೇ ತಾತ್ಕಾಲಿಕ ಗ್ಯಾಲರಿ ಜನರ ಸಮೇತ ಕುಸಿದು ಬಿತ್ತು. ಗಾಯಗೊಂಡವರ ಸಂಖ್ಯೆ ಇನ್ನೂರರ ಆಸುಪಾಸಿನಲ್ಲಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಗ್ಯಾಲರಿ ತಾಳುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದು, ಅದಕ್ಕೆ ಹಿಂದಿನ ದಿನಗಳ ಮಳೆಗೆ ನೆಲ ಮೆತ್ತಗಾಗಿದ್ದದ್ದು ಕಾರಣಗಳೆಂದು ಹೇಳಲಾಯಿತು. ಅದಕ್ಕೂ ಮುಂಚೆ 2020 ರ ಜನವರಿಯಲ್ಲಿ ಪಾಲಕ್ಕಾಡ್‌ನ ನೂರಣಿಯಲ್ಲಿಯೂ ಹೀಗೆಯೇ ಆಗಿತ್ತು. ಆ ಪಂದ್ಯದ ಹಿನ್ನೆಲೆ ಇನ್ನೂ ದುಃಖದ್ದು. ಕೋಲ್ಕತ್ತದ ದೊಡ್ಡ ಕ್ಲಬ್‌ಗಳಾದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮದನ್ ಸ್ಪೋರ್ಟಿಂಗ್‌ಗಳಲ್ಲಿ ಆಡಿದ್ದ ಆರ್. ಧನರಾಜನ್ 2019 ರ ಡಿಸೆಂಬರ್ ಕೊನೆಯಲ್ಲಿ ಪೆರಿಂದಲ್‌ಮಣ್ಣದ ಸೆವೆನ್ಸ್ ಟೂರ್ನಿಯೊಂದರಲ್ಲಿ ಆಡುತ್ತಲೇ ಕುಸಿದು ಬಿದ್ದು ತೀರಿಕೊಂಡರು. ಅವರ ಕುಟುಂಬಕ್ಕೆ ನೆರವಾಗಲೆಂದು ನಡೆಸಿದ ಪಂದ್ಯ ಅದು. ಭಾರತ ತಂಡದ ಮಾಜಿ ಆಟಗಾರರಾದ ಬೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಅವರಂತಹವರು ಬಂದಿದ್ದ ಆ ಸಂಜೆ ಗ್ಯಾಲರಿ ಕುಸಿದು ಹಲವರು ಆಸ್ಪತ್ರೆ ಸೇರಿದರು. ಇನ್ನು 2025 ರ ಫೆಬ್ರುವರಿಯಲ್ಲಿ ಅರೀಕೋಡು ಸಮೀಪದ ಫೈನಲ್ ಒಂದಕ್ಕೆ ಮೊದಲು ಹಚ್ಚಿದ ಪಟಾಕಿಗಳು ಜನರ ನಡುವೆಯೇ ಸಿಡಿದು ಹಲವರಿಗೆ ಸುಟ್ಟ ಗಾಯಗಳಾದವು.

ಈ ಘಟನೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ನಿಮಗೆ ಬೇಕಾದ ಎಚ್ಚರಿಕೆ ಏನೆಂಬುದು ತಾನಾಗಿಯೇ ತಿಳಿಯುತ್ತದೆ. ಫೈನಲ್‌ಗೆ ಹೋಗಬೇಡಿ. ಪಟಾಕಿ, ಮೇಳ, ಮಂತ್ರಿಗಳ ಭಾಷಣ, ಟಿಕೆಟ್ ಇಲ್ಲದೆ ನುಗ್ಗುವವರು, ಎಲ್ಲವೂ ಒಟ್ಟಾಗುವುದು ಫೈನಲ್ ದಿನವೇ, ಮತ್ತು ಫೈನಲ್‌ನಲ್ಲಿ ಎರಡೂ ತಂಡಗಳು ಹೆದರಿ ಆಡುವುದರಿಂದ ಆಟವೂ ಎಷ್ಟೋ ಸಲ ಸಪ್ಪೆಯಾಗಿರುತ್ತದೆ. ಕ್ವಾರ್ಟರ್ ಫೈನಲ್ ಹಂತದ, ವಾರದ ನಡುವಿನ ಪಂದ್ಯವನ್ನು ಆರಿಸಿಕೊಳ್ಳಿ. ಗ್ಯಾಲರಿ ಹತ್ತದೆ, ಅಂಚುಗೆರೆಯ ಪಕ್ಕದಲ್ಲಿ ನೆಲದ ಮೇಲೆ ಹಾಕಿದ ಕುರ್ಚಿಗಳ ಟಿಕೆಟ್ ಕೊಳ್ಳಿ. ಗ್ಯಾಲರಿಯ ಟಿಕೆಟ್ ನೂರು ರೂಪಾಯಿಯ ಆಸುಪಾಸಿನಲ್ಲಿದ್ದರೆ ಕುರ್ಚಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಕೊಡಿ. ಗ್ಯಾಲರಿಯಲ್ಲಿಯೇ ಕೂರಲೇಬೇಕೆಂದಿದ್ದರೆ ಕೆಳಗಿನ ಎರಡು ಸಾಲುಗಳಲ್ಲಿ, ತುದಿಯಲ್ಲಿ ಕುಳಿತುಕೊಳ್ಳಿ. ಜನ ಎದ್ದು ಕುಣಿಯಲು ಆರಂಭಿಸಿದರೆ ಇಳಿದುಬಿಡಿ.

ಬೆಂಗಳೂರಿನ ಲೀಗ್‌ನಲ್ಲಿ ಸ್ವಲ್ಪ ಕಾಲ ಚೆಂಡು ಒದ್ದವನಾಗಿ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಸೆವೆನ್ಸ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಮಾನ್ಯತೆಯಿಲ್ಲ. ನೋಂದಾಯಿತ ಕ್ಲಬ್‌ಗಳ ಆಟಗಾರರು ಅಲ್ಲಿ ಆಡಬಾರದೆಂಬ ನಿಯಮವಿದ್ದರೂ ಹೆಸರು ಬದಲಿಸಿಕೊಂಡು ಆಡುವವರು ಹಿಂದಿನಿಂದಲೂ ಇದ್ದಾರೆ, ಏಕೆಂದರೆ ಕ್ಲಬ್ಬಿನ ಸಂಬಳಕ್ಕಿಂತ ಇಲ್ಲಿನ ಕೈಮೇಲಿನ ಹಣ ಎಷ್ಟೋ ಮನೆಗಳನ್ನು ನಡೆಸಿದೆ. ಆದರೆ ದಿನಕ್ಕೊಂದು ಊರಿನಂತೆ, ಗಟ್ಟಿ ನೆಲದ ಮೇಲೆ, ವಿಶ್ರಾಂತಿಯಿಲ್ಲದೆ ಆಡುವ ಮೊಣಕಾಲಿಗೆ ಯಾರ ವಿಮೆಯೂ ಸಿಗುವುದಿಲ್ಲ. ವಿದೇಶಿ ಆಟಗಾರರ ಸ್ಥಿತಿ ಇನ್ನೂ ನಾಜೂಕಿನದು. 2024 ರ ಮಾರ್ಚ್‌ನಲ್ಲಿ ಅರೀಕೋಡು ಬಳಿ ಐವರಿ ಕೋಸ್ಟ್‌ನ ಆಟಗಾರನೊಬ್ಬ, ಪ್ರೇಕ್ಷಕರು ತನ್ನ ಬಣ್ಣವನ್ನು ಹಿಡಿದು ನಿಂದಿಸಿ ಹೊಡೆದರೆಂದು ಪೊಲೀಸರಿಗೆ ದೂರು ಕೊಡಬೇಕಾಯಿತು. ಅಲ್ಲಿನ ಪ್ರೇಕ್ಷಕರ ಪ್ರೀತಿ ಸುಳ್ಳಲ್ಲ, ಮರುದಿನ ಅದೇ ಜನ ಅದೇ ಆಟಗಾರರನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಆದರೂ ನಿಮ್ಮ ಪಕ್ಕದಲ್ಲಿ ಯಾರಾದರೂ ಅಂತಹ ಮಾತು ಕೂಗಿದರೆ ಮಗಳ ಎದುರು ನಕ್ಕು ಸುಮ್ಮನಾಗಬೇಡಿ.

ಪ್ರಸಂಗವಶಾತ್ ಒಂದು ಕೊಸರು. ಮೈಸೂರಿನಿಂದ ಮಲಪ್ಪುರಂಗೆ ಹೋಗುವವರು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ವಾರದ ಮಧ್ಯಾಹ್ನ ನಡೆಯುವ ಲೀಗ್ ಪಂದ್ಯಕ್ಕೂ ಒಮ್ಮೆ ಬನ್ನಿ. 1937 ಮತ್ತು 1938 ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ಪನ್ನು ಎರಡು ವರ್ಷ ಸತತವಾಗಿ ಗೆದ್ದಿತ್ತು ಎಂಬುದನ್ನು ನಮ್ಮವರೇ ಮರೆತಿದ್ದಾರೆ. ಗೌತಮಪುರದ ಗಲ್ಲಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದ ಜನ ಇರುವ ಊರಿದು. ಖಾಲಿ ಕುರ್ಚಿಗಳ ನಡುವೆ ಆಡುವ ಕಷ್ಟ ಏನೆಂದು ತಿಳಿದವರಿಗೆ ಮಲಪ್ಪುರಂನ ಜನರನ್ನು ಕಂಡಾಗ ಹೊಟ್ಟೆಕಿಚ್ಚು ಆಗುವುದು ಸಹಜ, ನನಗಂತೂ ಆಗುತ್ತದೆ.

ಮೈಸೂರು ಗ್ಯಾಲರಿ:

ಮೂವರಿಗೂ ಧನ್ಯವಾದಗಳು. ಫೈನಲ್‌ನ ಯೋಚನೆಯನ್ನು ಕೈಬಿಟ್ಟಿದ್ದೇವೆ. ಮಂಗಳವಾರ ಬೆಳಗ್ಗೆ ಹೊರಟು ಎರಡು ರಾತ್ರಿ ಮಂಜೇರಿಯಲ್ಲಿ ತಂಗಿ ಗುರುವಾರ ಮರಳುವುದೆಂದು ತೀರ್ಮಾನಿಸಿದ್ದೇವೆ, ಒಂದು ರಾತ್ರಿ ದೊಡ್ಡ ಟೂರ್ನಿ, ಇನ್ನೊಂದು ರಾತ್ರಿ ಸ್ಥಳೀಯ ಕಪ್. ಗ್ಯಾಲರಿಯ ವಿಷಯವನ್ನು ಓದಿದ ಮೇಲೆ ತಂದೆಯವರು ತಾವು ಕುರ್ಚಿಯಲ್ಲಿಯೇ ಕೂರುವುದಾಗಿ ಹೇಳಿದರು. ಮಗಳಿಗೆ ಮಾತ್ರ ಇದರಿಂದ ನಿರಾಸೆಯಾಗಿದೆ. ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೆಯೇ, ಅವಳು ತಾನೊಬ್ಬಳೇ ಎಂಬಂತೆ ಮುಜುಗರಪಡಬೇಕಾಗುತ್ತದೆಯೇ ಎಂಬುದನ್ನು ಯಾರಾದರೂ ಹೇಳಬಲ್ಲಿರಾ? ನಾವು ಸಸ್ಯಾಹಾರಿಗಳು, ರಾತ್ರಿ ಹನ್ನೊಂದರ ನಂತರ ಊಟಕ್ಕೆ ಏನು ಸಿಗುತ್ತದೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಎರಡನೇ ಹಾಫ್:

ನಾನು ಕೊಡಗಿನವಳು, ಮದುವೆಯಾಗಿ ಕೋಳಿಕ್ಕೋಡ್‌ನಲ್ಲಿ ನೆಲೆಸಿದ್ದೇನೆ, ಮಕ್ಕಳೊಡನೆ ಸೆವೆನ್ಸ್ ನೋಡಲು ಹೋಗುವ ರೂಢಿ ನಮ್ಮ ಮನೆಯಲ್ಲಿದೆ. ಹೆಣ್ಣುಮಕ್ಕಳು ಬರುತ್ತಾರೆಯೇ ಎಂದರೆ, ಬರುತ್ತಾರೆ, ಆದರೆ ಕಡಿಮೆ. ಇಡೀ ಮೈದಾನದಲ್ಲಿ ಕಣ್ಣಾಡಿಸಿದರೆ ಕುಟುಂಬಗಳು ಒಂದು ಮೂಲೆಯಲ್ಲಿ ಕಾಣುತ್ತವೆ. ಕೆಲವು ಸಂಘಟಕರು ಹೆಂಗಸರಿಗೂ ಮಕ್ಕಳಿಗೂ ಬೇರೆಯೇ ಜಾಗ ಬಿಡುತ್ತಾರೆ, ಕೆಲವೆಡೆ ಅಂತಹ ವ್ಯವಸ್ಥೆಯೇ ಇರುವುದಿಲ್ಲ. ಆದ್ದರಿಂದ ಪೋಸ್ಟರಿನಲ್ಲಿರುವ ಫೋನ್ ನಂಬರಿಗೆ ಮಧ್ಯಾಹ್ನವೇ ಕರೆ ಮಾಡಿ, "ಮೈಸೂರಿನಿಂದ ಬರುತ್ತಿದ್ದೇವೆ, ಜೊತೆಯಲ್ಲಿ ಮಗಳೂ ವಯಸ್ಸಾದ ತಂದೆಯೂ ಇದ್ದಾರೆ, ಕುರ್ಚಿ ಸಿಗಬಹುದೇ" ಎಂದು ಕೇಳಿ. ಅಷ್ಟು ದೂರದಿಂದ ಆಟ ನೋಡಲು ಬರುತ್ತಿದ್ದಾರೆ ಎಂಬುದೇ ಅವರಿಗೆ ಹೆಮ್ಮೆಯ ವಿಷಯ. ಮೈಕಿನಲ್ಲಿ ನಿಮ್ಮ ಊರಿನ ಹೆಸರನ್ನು ಕೂಗಿ ಹೇಳಿದರೆ ಗಾಬರಿಯಾಗಬೇಡಿ. ನಿಜವಾದ ತೊಂದರೆ ಶೌಚಾಲಯದ್ದು. ಗದ್ದೆಯ ಮೈದಾನಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಶಾಲಾ ಮೈದಾನದಲ್ಲಿ ನಡೆಯುವ ಪಂದ್ಯವನ್ನು ಆರಿಸಿಕೊಂಡರೆ ಸ್ವಲ್ಪ ಅನುಕೂಲ, ಇಲ್ಲವಾದರೆ ಕೋಣೆಯಿಂದ ಹೊರಡುವಾಗಲೇ ಎಚ್ಚರ ವಹಿಸಬೇಕು.

ಮಗಳು ಆಡುವವಳಾದ್ದರಿಂದ ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹನ್ನೊಂದು ಜನರ ಆಟ ನೋಡಿ ಅಭ್ಯಾಸವಿದ್ದವರಿಗೆ ಮೊದಲ ಹತ್ತು ನಿಮಿಷ ಇದು ಬರೀ ನೂಕುನುಗ್ಗಲೆನಿಸುತ್ತದೆ. ಮೈದಾನ ಚಿಕ್ಕದು, ಚೆಂಡು ನೆಲ ಬಿಟ್ಟು ಹಾರಿತೆಂದರೆ ಎರಡು ಒದೆತದಲ್ಲಿ ಈ ಗೋಲಿನಿಂದ ಆ ಗೋಲಿಗೆ ಬರುತ್ತದೆ, ಎಲ್ಲಿಂದ ಬೇಕಾದರೂ ಹೊಡೆಯುತ್ತಾರೆ. ಅವಳು ಚೆಂಡನ್ನು ಬಿಟ್ಟು ಹಿಂದಿನ ಸಾಲಿನ ಇಬ್ಬರನ್ನು ಗಮನಿಸಲಿ. ಎದುರಾಳಿಯ ದೈತ್ಯ ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿ ಚೆಂಡನ್ನು ಮುಚ್ಚಿ ನಿಂತಾಗ, ಅವನಿಗಿಂತ ಒಂದು ಅಡಿ ಗಿಡ್ಡನಾದ ಊರಿನ ಹುಡುಗ ಮೈಗೆ ಮೈ ತಾಗಿಸಿ ಒತ್ತದೆ, ಅರ್ಧ ಹೆಜ್ಜೆ ಹಿಂದೆ ನಿಂತು, ಆತ ತಿರುಗುವ ಕ್ಷಣಕ್ಕಾಗಿಯೇ ಕಾದು ಕಾಲು ಚಾಚುತ್ತಾನೆ. ಒತ್ತಿದ್ದರೆ ಸ್ಟ್ರೈಕರ್ ಅದೇ ಒತ್ತಡವನ್ನು ಆಸರೆಯಾಗಿ ಹಿಡಿದು ಹೊರಳಿಬಿಡುತ್ತಿದ್ದ. ಕುರ್ಚಿಯಲ್ಲಿ ಕುಳಿತರೆ ಇದೆಲ್ಲ ನಾಲ್ಕೈದು ಮೀಟರ್ ದೂರದಲ್ಲಿ ನಡೆಯುತ್ತದೆ. ಉಸಿರಿನ ಸದ್ದು, ಬೂಟಿನ ಮುಳ್ಳು ನೆಲ ಕೆರೆಯುವ ಸದ್ದು ಕೂಡ ಕೇಳಿಸುತ್ತದೆ. ಗ್ಯಾಲರಿಯ ಮೇಲಿನಿಂದ ಇದು ಕಾಣುವುದಿಲ್ಲವೆಂದು ಹೇಳಿ ಅವಳನ್ನು ಸಮಾಧಾನಪಡಿಸಿ. ಜನವರಿಯಲ್ಲಿ ಎರಡನೆಯ ಅವಧಿಯ ಹೊತ್ತಿಗೆ ಹುಲ್ಲಿರುವ ಮೈದಾನಗಳಲ್ಲಿ ಇಬ್ಬನಿ ಇಳಿದು ಚೆಂಡು ಜಾರತೊಡಗುತ್ತದೆ, ಗೋಲ್‌ಕೀಪರ್‌ಗಳು ಹಿಡಿಯುವುದನ್ನು ಬಿಟ್ಟು ಗುದ್ದಲು ಆರಂಭಿಸುತ್ತಾರೆ. ಗೋಲುಗಳು ಬರುವುದು ಹೆಚ್ಚಾಗಿ ಆಗಲೇ. ತಂದೆಯವರಿಗೆ ಒಂದು ಟೋಪಿ ಅಥವಾ ಮಫ್ಲರ್ ಇರಲಿ.

ಊಟದ ವಿಷಯದಲ್ಲಿ ಚಿಂತೆ ಬೇಡ. ಮೈದಾನದ ಬಾಗಿಲಲ್ಲಿಯೇ ಕಡಲೆಕಾಯಿ, ಉಪ್ಪುನೀರಿನಲ್ಲಿ ನೆನೆಸಿದ ನೆಲ್ಲಿಕಾಯಿ, ಅನಾನಸ್, ಮಾವಿನಕಾಯಿ ಹೋಳುಗಳು, ಸುಲೈಮಾನಿ ಚಹಾ ಸಿಗುತ್ತವೆ. ಪಂದ್ಯ ಮುಗಿದ ಮೇಲೆ ತೆರೆದಿರುವ ಹೋಟೆಲುಗಳು ಬಹುತೇಕ ಪರೋಟ, ಮಾಂಸದ ಅಡುಗೆಯವೇ ಆದರೂ ರಸ್ತೆ ಬದಿಯ ತಟ್ಟುಕಡಗಳಲ್ಲಿ ದೋಸೆ, ಚಟ್ನಿ ಹೇಳಿ ಮಾಡಿಸಿಕೊಳ್ಳಬಹುದು. ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿದ್ದರೆ ಏಳೂವರೆಗೇ ಪಟ್ಟಣದ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮುಗಿಸಿ ಮೈದಾನಕ್ಕೆ ಹೋಗುವುದು ಒಳ್ಳೆಯದು. ಹಗಲಿನಲ್ಲಿ ಬೇಸರ ಕಳೆಯಲು ನಿಲಂಬೂರಿನ ತೇಗದ ವಸ್ತುಸಂಗ್ರಹಾಲಯವಿದೆ, ಮಲಪ್ಪುರಂ ಪಟ್ಟಣದಲ್ಲಿ ಕೋಟಪ್ಪಡಿ ಮೈದಾನವಿದೆ. 1921 ರಲ್ಲಿ ಕಟ್ಟಿದ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆಯ ನೆಲೆಯೂ ಅದೇ ಊರು, ಆ ಪಡೆಯ ತಂಡ ಒಂದು ಕಾಲಕ್ಕೆ ಈ ಸೀಮೆಯ ಹುಡುಗರಿಗೆಲ್ಲ ಆದರ್ಶವಾಗಿತ್ತು.

ನಾಡುಗಾಣಿ ತಿರುವು:

ಉಳಿದ ಒಂದೆರಡು ವಿಷಯಗಳನ್ನು ಸೇರಿಸುತ್ತೇನೆ. ಈಗ ಕೆಲವು ವರ್ಷಗಳಿಂದ ರಂಜಾನ್ ತಿಂಗಳು ಫೆಬ್ರುವರಿ–ಮಾರ್ಚ್ ಆಸುಪಾಸಿನಲ್ಲಿ ಬರುತ್ತಿರುವುದರಿಂದ ಆ ದಿನಗಳಲ್ಲಿ ಪಂದ್ಯಗಳ ಸಮಯ ಬದಲಾಗುತ್ತದೆ, ಕೆಲವು ಟೂರ್ನಿಗಳು ನಿಂತೇ ಇರುತ್ತವೆ. ನಿಮ್ಮ ಜನವರಿಯ ಆಯ್ಕೆ ಆ ದೃಷ್ಟಿಯಿಂದ ಸರಿಯಾಗಿದೆ. ಕಾರನ್ನು ಮೈದಾನದ ಹತ್ತಿರ ಒಯ್ಯಬೇಡಿ. ಪಂದ್ಯ ಮುಗಿದಾಗ ಆ ಕಿರಿದಾದ ರಸ್ತೆಯಲ್ಲಿ ಬೈಕುಗಳ ನಡುವೆ ಅರ್ಧ ಗಂಟೆ ಅಲ್ಲಾಡಲಾಗುವುದಿಲ್ಲ. ಅರ್ಧ ಕಿಲೋಮೀಟರ್ ದೂರದಲ್ಲಿ, ಊರಿಗೆ ಮರಳುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ನಡೆದು ಹೋಗಿ.

ಬೆಂಗಳೂರಿನಿಂದ ಕಾರಿಲ್ಲದೆ ಬರಬೇಕೆಂದಿರುವ ಓದುಗರಿಗೆ ಪಾಲಕ್ಕಾಡ್ ಮಾರ್ಗವಾಗಿ ಕಣ್ಣೂರಿಗೆ ಹೋಗುವ ರಾತ್ರಿಯ ರೈಲು ಅನುಕೂಲ, ಅದು ಬೆಳಗಿನ ಜಾವ ಶೊರನೂರು, ತಿರೂರುಗಳನ್ನು ಮುಟ್ಟಿಸುತ್ತದೆ. ಶೊರನೂರಿನಲ್ಲಿ ಇಳಿದು ನಿಲಂಬೂರು ಕಡೆಯ ಗಾಡಿ ಹಿಡಿದರೆ ಅಂಗಾಡಿಪ್ಪುರಂ ನಿಲ್ದಾಣ ಪೆರಿಂದಲ್‌ಮಣ್ಣದ ಪಕ್ಕದಲ್ಲಿಯೇ ಇದೆ. ತೇಗದ ತೋಪುಗಳ ನಡುವೆ ಸಾಗುವ ಆ 66 ಕಿಲೋಮೀಟರ್‌ಗಳ ಕವಲು ಹಳಿಯನ್ನು ನೋಡಲೆಂದೇ ಬರುವವರಿದ್ದಾರೆ.

ಗುರುವಾರ ಮರಳುವಾಗ ಬೆಳಗ್ಗೆ ಐದಕ್ಕೇ ಎದ್ದು ಹೊರಡುವ ಆತುರ ಬೇಡ. ಆರಕ್ಕೆ ಗೇಟು ತೆರೆಯುವುದನ್ನೇ ಕಾದು ನಿಂತ ತರಕಾರಿ ಲಾರಿಗಳೂ ಬಸ್ಸುಗಳೂ ಒಮ್ಮೆಗೇ ಕಾಡಿಗೆ ನುಗ್ಗುತ್ತವೆ. ತಿಂಡಿ ಮುಗಿಸಿ ಎಂಟರ ಹೊತ್ತಿಗೆ ಮಂಜೇರಿ ಬಿಟ್ಟರೆ ಗೂಡಲೂರು ದಾಟುವಾಗ ರಸ್ತೆ ಸಡಿಲವಾಗಿರುತ್ತದೆ, ಊಟಕ್ಕೆ ಗುಂಡ್ಲುಪೇಟೆಯಲ್ಲಿರುತ್ತೀರಿ.